ಮೊಣಕೈ ಕೆಳಗೊಂದು ಅಂಗೈ

ನನ್ನ ಬಲಗಾಲು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಕೂತರೆ ಸಾಕು, ಕುಣಿಯುತ್ತದೆ. ಕಿದ್ವಾಯಿ ನಗರದ ಈ ಮೂರನೇ ಮಹಡಿಯ ಮನೆಯಲ್ಲಿ ಇದನ್ನು ಬರೆಯುತ್ತಿರುವಾಗಲೂ ಮೇಜಿನ ಮೇಲಿನ ನೀರಿನ ಲೋಟ ನಡುಗುತ್ತಿದೆ. ಚಿಕ್ಕಂದಿನಲ್ಲಿ ಅಮ್ಮ ಬೈದಳು, ಹಾಸ್ಟೆಲಿನಲ್ಲಿ ಗೆಳತಿಯರು ಬೈದರು, ಗಂಡ ಎರಡು ವರ್ಷ ಬೈದು ಸುಸ್ತಾಗಿ ಬಿಟ್ಟ. ಬಾಯಿ ತೆರೆಯದೆ ಅದನ್ನು ನಿಲ್ಲಿಸಿದವರು ಒಬ್ಬರೇ. ಸದನದ ಬಾಗಿಲ ಬಳಿ ಬಿಳಿ ಸಮವಸ್ತ್ರದಲ್ಲಿ ನಿಂತು, ಅಲ್ಲಿಂದಲೇ ನನ್ನ ಕಾಲನ್ನೊಮ್ಮೆ ನೋಡುತ್ತಿದ್ದರು. ಕಾಲು ನಿಲ್ಲುತ್ತಿತ್ತು.

ಹೋದ ವಾರ ಅವರು ಫರೀದಾಬಾದಿನಲ್ಲಿ ತೀರಿಕೊಂಡರು. ಸುದ್ದಿ ಬಂದದ್ದು ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ, ಯಾರದೋ ಹುಟ್ಟುಹಬ್ಬದ ಕೇಕಿಗೂ ಕ್ಯಾಂಟೀನಿನ ಹೊಸ ವೇಳಾಪಟ್ಟಿಗೂ ನಡುವೆ. ಕೆಳಗೆ ಸಾಲಾಗಿ ಮುಗಿದ ಕೈಗಳ ಚಿತ್ರ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಇವರು ಯಾರು ಎಂದು ಕೇಳಿದಳು. ಹಳಬರೊಬ್ಬರು ಉತ್ತರ ಹಾಕಿದರು: "ಅದೇ, ಮೆಂಬರನ್ನು ತಳ್ಳಿ ಬೀಳಿಸಿದ ಮಾರ್ಷಲ್."

ಇಷ್ಟು ವರ್ಷ ದುಡಿದ ಮನುಷ್ಯ ಕೊನೆಗೆ ಉಳಿದದ್ದು ಆ ಒಂದು ಸಾಲಿನಲ್ಲಿ. ಆ ಸಾಲು ಸುಳ್ಳು. ಅದು ಸುಳ್ಳೆಂದು ಬಲ್ಲವರಲ್ಲಿ ಬಾಯಿ ಬಿಡಬಹುದಾದವಳು ನಾನೊಬ್ಬಳೇ. ಅದು ಹುಟ್ಟಿದ್ದೂ ನನ್ನ ಪೆನ್ನಿನಿಂದಲೇ. ಓದಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಬಾಲ್ಕನಿಗೆ ಹೋದೆ, ಅಡುಗೆಮನೆಗೆ ಬಂದೆ, ಫ್ರಿಜ್ಜು ತೆಗೆದು ಏನು ಬೇಕಿತ್ತೆಂದು ಮರೆತು ಮುಚ್ಚಿದೆ.

ಯಾವ ಸದನ ಎಂದು ಕೇಳಬೇಡಿ. ದೆಹಲಿಯಲ್ಲಿ ಸದನಗಳಿಗೇನು ಕಡಿಮೆಯಿಲ್ಲ. ನಾನು ಅಲ್ಲಿ ವರದಿಗಾರ್ತಿ. ಪತ್ರಿಕೆಯವಳಲ್ಲ. ಸಭಾಧ್ಯಕ್ಷರ ಪೀಠದ ಕೆಳಗೆ, ಬಾವಿ ಎನ್ನುತ್ತಾರಲ್ಲ ಆ ತಗ್ಗಿನ ಜಾಗದಲ್ಲಿ, ಒಂದು ಮೇಜಿನ ಮುಂದೆ ಕೂತು ಆಡಿದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಇಳಿಸಿಕೊಳ್ಳುವವಳು. ಐದೈದು ನಿಮಿಷದ ಸರದಿ. ಐದು ನಿಮಿಷ ಬರೆ, ಎದ್ದು ಹೋಗಿ ಟೈಪು ಮಾಡು, ಮತ್ತೆ ಬಂದು ಕೂರು. ನಿಂತಲ್ಲಿ ನಿಲ್ಲದ ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ. ಅವರು ಅದೇ ಸದನದಲ್ಲಿ ಮಾರ್ಷಲ್. ಶಿಸ್ತು ಕಾಯುವುದು, ಪೀಠದ ಅಪ್ಪಣೆಯಾದರೆ ಗಲಾಟೆ ಮಾಡುವ ಸದಸ್ಯರನ್ನು ಹೊರಗೆ ಕರೆದೊಯ್ಯುವುದು ಅವರ ಕೆಲಸ. ಕೊಡಗಿನವರು, ಸೈನ್ಯದಲ್ಲಿ ಹವಾಲ್ದಾರರಾಗಿದ್ದು ಇಲ್ಲಿಗೆ ಬಂದವರು. ಸೈನ್ಯದಲ್ಲಿ ಹೊಸಬರಿಗೆ ಕವಾಯತು ಕಲಿಸುವವರನ್ನು ಉಸ್ತಾದ್ ಎನ್ನುತ್ತಾರಂತೆ. ಆ ಹೆಸರು ಅವರ ಜೊತೆಗೇ ಬಂದು ಸದನದಲ್ಲೂ ಅಂಟಿಕೊಂಡಿತ್ತು.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಗಡಿಬಿಡಿಯಲ್ಲಿ ನೋಟುಪುಸ್ತಕ ಎದೆಗವಚಿಕೊಂಡು ಹೋಗಿ ನನ್ನ ಜಾಗದಲ್ಲಿ ಕೂತೆ. ಏನೂ ತಪ್ಪಾಗಿಲ್ಲ ಎಂದುಕೊಂಡಿದ್ದೆ. ಮಧ್ಯಾಹ್ನ ಹೊರಗಿನ ಚಹಾದಂಗಡಿಯಲ್ಲಿ ಅವರು ಪಕ್ಕಕ್ಕೆ ಬಂದು ನಿಂತರು.

"ಕನ್ನಡದವಳಾ?"

"ಹೌದು ಸರ್. ದಾವಣಗೆರೆ."

"ಅಚ್ಛಾ. ಇವತ್ತು ನೀನು ಒಬ್ಬರ ಮಾತನ್ನ ಮಧ್ಯದಲ್ಲೇ ಕಡಿದುಬಿಟ್ಟೆ."

"ನಾನು ಬಾಯೇ ತೆಗೀಲಿಲ್ಲ ಸರ್."

"ಬಾಯಿಂದ ಅಲ್ಲ. ಮಾತಾಡ್ತಾ ಇರೋರಿಗೂ ಪೀಠಕ್ಕೂ ನಡುವೆ ಹಾದು ಹೋದೆ. ಅವರ ಮಾತು ಆ ದಾರೀಲಿ ಹೋಗ್ತಾ ಇರುತ್ತೆ. ನಾವು ಸುತ್ತಿಕೊಂಡು ಹೋಗಬೇಕು."

ಅಂಗಡಿಯ ಭಯ್ಯಾ ಚಹಾ ಸುರಿದು ಕೊಡುವಷ್ಟರಲ್ಲಿ ಉಳಿದದ್ದನ್ನೂ ಹೇಳಿ ಮುಗಿಸಿದರು. ಒಳಗೆ ಬಂದಾಗ, ಹೊರಗೆ ಹೋಗುವಾಗ ಪೀಠಕ್ಕೆ ತಲೆ ಬಾಗಿಸಬೇಕು. ಪೀಠಕ್ಕೆ ಬೆನ್ನು ತೋರಿಸಬಾರದು. ಸಭಾಧ್ಯಕ್ಷರು ಎದ್ದು ನಿಂತರೆ ಎಷ್ಟೇ ದೊಡ್ಡ ಸದಸ್ಯನಾದರೂ ಕೂರಬೇಕು. ಇಷ್ಟನ್ನು ನಾನು ಪುಸ್ತಕದಲ್ಲಿ ಓದಿಕೊಂಡೇ ಪರೀಕ್ಷೆ ಬರೆದಿದ್ದೆ. ಪುಸ್ತಕ ಒತ್ತಿ ಹೇಳದ ಒಂದನ್ನು ಅವರು ಒತ್ತಿ ಹೇಳಿದರು.

"ಇನ್ನು ಯಾವುದೂ ಕಡತಕ್ಕೆ ಹೋಗೋದಿಲ್ಲ ಅಂತ ಪೀಠದಿಂದ ಹೇಳ್ತಾರೆ. ಆಗ ಸದಸ್ಯರ ಮಾತು ಹೋಗೋದಿಲ್ಲ. ಪೀಠದ ಮಾತು ಹೋಗುತ್ತೆ. ಹೊಸಬರು ಪೆನ್ನು ಕೆಳಗಿಡೋದು ಅಲ್ಲೇ. ನೀನು ಇಡಬೇಡ."

"ನೀವು ವರದಿಗಾರರಲ್ಲವಲ್ಲ ಸರ್, ನಿಮಗೆ ಹೇಗೆ ಗೊತ್ತು?"

"ಪೀಠ ಹೇಳಿದ್ದು ನೀನು ಬರೆದಿದ್ದರೆ ತಾನೇ ನಾನು ಹೆಜ್ಜೆ ಇಟ್ಟಿದ್ದು ಸರಿ? ಗೊತ್ತಿಲ್ಲದೆ ಏನು?"

ನಾನು ಆಗ ಲಕ್ಷ್ಮೀ ನಗರದಲ್ಲಿ, ಒಂದು ಕೋಚಿಂಗ್ ಕ್ಲಾಸಿನ ಮೇಲಿನ ಕೋಣೆಯಲ್ಲಿದ್ದೆ. ಕೆಳಗೆ ಮೈಕಿನಲ್ಲಿ ಸಾಮಾನ್ಯ ಜ್ಞಾನ ಪಾಠ, ಮೇಲೆ ನನ್ನ ಮ್ಯಾಗಿ. ಅವರಿದ್ದದ್ದು ಕಿದ್ವಾಯಿ ನಗರದ ಸರಕಾರಿ ಮನೆಯಲ್ಲಿ. ಭಾನುವಾರ ಊಟಕ್ಕೆ ಬಾ ಎಂದು ಒಮ್ಮೆ ಕರೆದರು, ಆಮೇಲೆ ಕರೆಯುವ ಅಗತ್ಯ ಬೀಳದ ಹಾಗೆ ಪ್ರತಿ ಭಾನುವಾರ ಹೋದೆ. ಮನೆಯವರೆಲ್ಲ ತಮ್ಮ ಕೊಡವ ಮಾತಾಡುತ್ತ ಇದ್ದವರು ನಾನು ಹೊಸ್ತಿಲು ದಾಟಿದ ಕೂಡಲೇ ಕನ್ನಡಕ್ಕೆ ಬರುತ್ತಿದ್ದರು. ಅವರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಅಕ್ಕಿತರಿಯ ಉಂಡೆ, ಬಿಸಿ ಕಡುಂಬುಟ್ಟು ಮಾಡಿ, ನಾಲ್ಕು ತಿಂದರೆ ಐದನೆಯದನ್ನು ತಟ್ಟೆಗೆ ಹಾಕುವ ಹೆಂಗಸು. ಆ ದಿನಗಳಲ್ಲಿ ನಾನು ಸರಿಯಾಗಿ ಉಂಡದ್ದು ಅಲ್ಲಿ ಮಾತ್ರ.

ಆ ಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕ ಒಂದು ಬೆತ್ತದ ಕುರ್ಚಿ. ಅದು ಆಂಟಿಯದು. "ನಮ್ಮನೆ ಪೀಠ ಅದು," ಎನ್ನುತ್ತಿದ್ದರು ಉಸ್ತಾದ್. ತಮಾಷೆಗೆ ಹೇಳಿದ್ದು ಅಂದುಕೊಂಡರೆ ತಪ್ಪು. ಮಗಳು ಆಂಟಿಯ ಹತ್ತಿರ ಏನಾದರೂ ಹೇಳುತ್ತಿದ್ದರೆ ಇವರು ನೀರಿಗೆ ಹೋಗುವಾಗಲೂ ನಡುವೆ ಹಾಯುತ್ತಿರಲಿಲ್ಲ, ಊಟದ ಮೇಜನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಆಗ ಹನ್ನೊಂದನೇ ಕ್ಲಾಸಿನಲ್ಲಿದ್ದ ಮಗಳಿಗೆ ಇದು ನಗೆಪಾಟಲು. "ಪಾಪಾ, ಯೇ ಘರ್ ಹೈ. ಸದನ ಅಲ್ಲ," ಎನ್ನುತ್ತಿದ್ದಳು. ಬಾಗಿಲು ಕಂಡರೆ ಅವರ ತಲೆ ತಾನಾಗಿ ತುಸು ಬಾಗುತ್ತಿತ್ತು. ಮನೆಯ ಬಾಗಿಲು, ಬ್ಯಾಂಕಿನ ಬಾಗಿಲು, ಮೆಟ್ರೋದ ಬಾಗಿಲು. ಒಮ್ಮೆ ಹಲ್ಲಿನ ಡಾಕ್ಟರ ಕೋಣೆಗೆ ಹೋಗಿ ತಲೆ ಬಾಗಿಸಿದಾಗ ಆ ಡಾಕ್ಟರು ಗಾಬರಿಯಾಗಿ ಎದ್ದು ನಿಂತರಂತೆ. ಆಂಟಿ ಇದನ್ನು ವರ್ಷಕ್ಕೆ ನಾಲ್ಕು ಸಲ ಹೇಳಿ ನಗುತ್ತಿದ್ದರು.

ಕಾಲನಿಯ ಕನ್ನಡಿಗರ ಸಭೆಯೊಂದು ನೆನಪಿದೆ. ರಾಜ್ಯೋತ್ಸವಕ್ಕೆ ನಾಟಕವೋ ಆರ್ಕೆಸ್ಟ್ರಾವೋ ಎಂಬ ವಿಷಯಕ್ಕೆ ಇಬ್ಬರು ಹಿರಿಯ ಗುಮಾಸ್ತರು ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬಂದಿದ್ದರು. ಉಸ್ತಾದ್ ಹಿಂದಿನ ಸಾಲಿನಿಂದ ಎದ್ದು ನಿಂತರು. ಅಂಗೈಯನ್ನು ನೆಲದ ಕಡೆ ಮೆಲ್ಲಗೆ ಇಳಿಸಿದರು. ಒಬ್ಬರು ಕೂತರು, ಇನ್ನೊಬ್ಬರು ಗೊಣಗುತ್ತಲೇ ಇದ್ದರು. ಅವರ ಹತ್ತಿರ ಹೋಗಿ ಕೈ ಮುಗಿದು, ಕಿವಿಯಲ್ಲಿ ಏನೋ ಹೇಳಿ, ಮೊಣಕೈ ಕೆಳಗೆ ಅಂಗೈ ಇಟ್ಟು, ಕಾಫಿ ಫ್ಲಾಸ್ಕಿನ ತನಕ ನಡೆಸಿಕೊಂಡು ಹೋದರು. ಆ ವರ್ಷ ನಾಟಕವೂ ಆಗಲಿಲ್ಲ, ಆರ್ಕೆಸ್ಟ್ರಾವೂ ಆಗಲಿಲ್ಲ, ಮಕ್ಕಳ ಛದ್ಮವೇಷವಾಯಿತು.

ಸದನದಲ್ಲೂ ಅವರದು ಅದೇ ಕ್ರಮ. ಉಳಿದ ಮಾರ್ಷಲ್‌ಗಳು ರಟ್ಟೆ ಹಿಡಿಯುತ್ತಿದ್ದರು, ಸೊಂಟ ಹಿಡಿದು ಎತ್ತುತ್ತಿದ್ದರು. ಇವರು ಮೊದಲು ಪೀಠಕ್ಕೆ ಬಾಗುವರು, ಆಮೇಲೆ ಸದಸ್ಯರಿಗೆ ಬಾಗುವರು, ಕಿವಿಯ ಹತ್ತಿರ ಹೋಗಿ ಒಂದು ಮಾತು ಹೇಳುವರು, ಕೊನೆಗೆ ಮೊಣಕೈ ಕೆಳಗೆ ಅಂಗೈ. ಹತ್ತರಲ್ಲಿ ಒಂಬತ್ತು ಜನ ಆಮೇಲೆ ತಾವೇ ನಡೆದು ಹೋಗುತ್ತಿದ್ದರು. ಆ ಮಾತು ಏನು ಎಂದು ನಮ್ಮಲ್ಲಿ ಭಾರಿ ಚರ್ಚೆ. ಸೈನ್ಯದ ಬೈಗುಳ ಎಂದು ಒಬ್ಬರು, ಆ ಸದಸ್ಯರ ಗುಟ್ಟೇನೋ ಇವರಿಗೆ ಗೊತ್ತು ಎಂದು ಇನ್ನೊಬ್ಬರು. ನಾನು ನೇರವಾಗಿ ಕೇಳಿದೆ. "ಅದು ಕಡತಕ್ಕೆ ಹೋಗೋ ಮಾತಲ್ಲ," ಎಂದು ಐದನೇ ಕಡುಂಬುಟ್ಟನ್ನು ನನ್ನ ತಟ್ಟೆಗೆ ಅವರೇ ಹಾಕಿದರು.

ನನಗೆ ಅವರ ಮೇಲೆ ಇದ್ದದ್ದು ಬರೀ ಗೌರವವಲ್ಲ, ಪ್ರೀತಿ. ಅಪ್ಪನ ಹತ್ತಿರ ಹೇಳಲಾಗದ್ದನ್ನು ಅವರ ಹತ್ತಿರ ಹೇಳಿದ್ದೇನೆ. ಅದಕ್ಕೇ ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಎರಡು ಸಲ ಎದ್ದು ಹೋಗಿ ಬಂದೆ.

ನನ್ನ ನೌಕರಿ ಖಾಯಂ ಆಗಲು ಇನ್ನೂ ಎಂಟು ತಿಂಗಳಿತ್ತು. ಅಂದು ಪೀಠದಲ್ಲಿದ್ದವರು ಸಭಾಧ್ಯಕ್ಷರಲ್ಲ, ಅವರ ಬದಲಿಗೆ ಸ್ವಲ್ಪ ಹೊತ್ತು ಕೂತಿದ್ದ ಹಿರಿಯ ಸದಸ್ಯರೊಬ್ಬರು. ಒಬ್ಬ ದಪ್ಪನೆಯ ಸದಸ್ಯರು ಫಲಕ ಹಿಡಿದುಕೊಂಡು ಬಾವಿಗೆ ಇಳಿದು ಬಂದು ನನ್ನ ಮೇಜನ್ನೇ ಬಡಿಯತೊಡಗಿದರು. ಹಿಂದೆ ಇನ್ನೂ ಹತ್ತು ಜನ. ಗದ್ದಲವೆಂದರೆ ಗದ್ದಲ. ಪೀಠದವರು ಎದ್ದು ನಿಂತರು. ಇಂಗ್ಲಿಷಿನಲ್ಲಿ ಹೇಳುತ್ತಿದ್ದರಿಂದ ಬರೆಯುವ ಸರದಿ ನನ್ನದು, ಪಕ್ಕದ ಹಿಂದಿಯವರದಲ್ಲ. "ನಥಿಂಗ್ ವಿಲ್ ಗೋ ಆನ್ ರೆಕಾರ್ಡ್," ಎಂದರು. ನಾನು ಪೆನ್ನು ಎತ್ತಿದೆ.

ಅವರ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಒಂದು ಉಸಿರು ಬಿಟ್ಟು, ಬಾಗಿಲ ಕಡೆ ನೋಡಿ, ಮಾರ್ಷಲರಿಗೆ ಆ ಸದಸ್ಯರನ್ನು ಹೊರಗೆ ಕರೆದೊಯ್ಯಲು ಹೇಳಿದರು. ನಾನು ಕೇಳಿಸಿಕೊಂಡೆ. ನಾಲ್ಕಡಿ ದೂರದಲ್ಲಿ ಕೂತವಳು, ಸ್ಪಷ್ಟವಾಗಿ ಕೇಳಿಸಿಕೊಂಡೆ. ಬರೆಯಲಿಲ್ಲ. ಕಡತಕ್ಕೆ ಹೋಗುವುದಿಲ್ಲ ಎಂದ ಮೇಲೆ ಬರೆಯುವುದೇನು ಎಂದು ಕೈ ತಾನಾಗಿ ನಿಂತಿತ್ತು. ಚಹಾದಂಗಡಿಯ ಪಾಠ ನೆನಪಿಗೆ ಬರಲಿಲ್ಲ. ನಿಲ್ಲದ ಕಾಲು, ನಿಂತುಬಿಟ್ಟ ಕೈ, ಇದು ನನ್ನ ಹಣೆಬರಹ.

ಉಸ್ತಾದ್ ಆ ಮಾತು ಪೂರ್ತಿ ಮುಗಿದ ಮೇಲೆಯೇ ಬಾಗಿಲಿನಿಂದ ಹೊರಟರು. ಪೀಠಕ್ಕೆ ಬಾಗಿದರು, ಸದಸ್ಯರಿಗೆ ಬಾಗಿದರು, ಕಿವಿಯ ಹತ್ತಿರ ಹೋದರು. ಮೊಣಕೈ ಕೆಳಗೆ ಅಂಗೈ ಇಟ್ಟ ಕ್ಷಣ ಆ ಸದಸ್ಯರು ಕೈ ಕೊಡವಿಕೊಂಡು ಹಿಂದಕ್ಕೆ ಸರಿದರು. ಹಿಂದೆ ಮೆಟ್ಟಿಲಿತ್ತು. ಎಡವಿ ಪಕ್ಕಕ್ಕೆ ಬಿದ್ದರು, ಕನ್ನಡಕ ಒಡೆಯಿತು. ಅವರನ್ನು ಎತ್ತಿ ನಿಲ್ಲಿಸಿದವರೂ ಉಸ್ತಾದರೇ.

ಮರುದಿನ ದೂರು ಬಂತು. ಪೀಠದ ಅಪ್ಪಣೆ ಇಲ್ಲದೆ ಮಾರ್ಷಲ್ ತನ್ನ ಮೇಲೆ ಕೈ ಮಾಡಿ ಬೀಳಿಸಿದ ಎಂದು. ಗದ್ದಲವಾದಾಗ ಕ್ಯಾಮೆರಾ ಬಾವಿಯ ಕಡೆ ತಿರುಗುವುದಿಲ್ಲ, ಹಾಗಾಗಿ ಚಿತ್ರವಿರಲಿಲ್ಲ. ಧ್ವನಿಮುದ್ರಣ ಕೇಳಿದರು, ಗದ್ದಲ ಬಿಟ್ಟು ಬೇರೇನೂ ಇಲ್ಲ. ಪೀಠದವರು ನಿಂತು ಮಾತಾಡಿದ್ದರು, ಮೈಕು ಅವರ ಹೊಟ್ಟೆಯ ಮಟ್ಟದಲ್ಲಿತ್ತು. ಅವರನ್ನೇ ಕೇಳಿದರೆ, ಆ ಗಲಾಟೆಯಲ್ಲಿ ಏನು ಹೇಳಿದೆನೋ ನೆನಪಿಲ್ಲ ಎಂದರು. ಬಿದ್ದವರು ಅವರ ಪಕ್ಷದವರೇ. ಇನ್ನು ಉಳಿದದ್ದು ನನ್ನ ಹಾಳೆ. ಅದರಲ್ಲಿ ಪೀಠದ ಅಪ್ಪಣೆ ಇರಲಿಲ್ಲ. ಗದ್ದಲ ಎಂದು ಕಂಸದಲ್ಲಿ ಬರೆದಿತ್ತು, ಕೆಳಗೆ ಕಡತಕ್ಕೆ ಹೋಗದ ಮಾತಿನ ಗುರುತಾಗಿ ಚುಕ್ಕಿ ಸಾಲು.

ನಮ್ಮ ಶಾಖೆಯ ಅಧಿಕಾರಿ ನನ್ನನ್ನು ಕರೆಸಿದರು. "ಪೀಠದಿಂದ ಆರ್ಡರ್ ಬಂದಿತ್ತಾ?" ಎಂದು ಕೇಳಿದರು.

"ಕಡತದಲ್ಲಿ ಇಲ್ಲ ಸರ್," ಎಂದೆ.

ಅವರು ಕೇಳಿದ್ದು ಒಂದು, ನಾನು ಉತ್ತರ ಕೊಟ್ಟದ್ದು ಇನ್ನೊಂದಕ್ಕೆ. ಸುಳ್ಳು ಹೇಳಿದೆ ಎಂದು ಯಾರೂ ನನ್ನನ್ನು ಹಿಡಿಯಲಾರರು. ಅಧಿಕಾರಿ ತಲೆಯಾಡಿಸಿ ಅದನ್ನೇ ಬರೆದುಕೊಂಡರು. ತಪ್ಪು ಬರೆದವಳು ಎಂದಾದರೆ ನೌಕರಿ ಖಾಯಂ ಆಗುವುದಿಲ್ಲ, ದಾವಣಗೆರೆಗೆ ವಾಪಸು. ಆ ಹೆದರಿಕೆಯಲ್ಲಿ ನನ್ನ ನಾಲಗೆಗೆ ಅಷ್ಟು ಜಾಣತನ ಎಲ್ಲಿಂದ ಬಂತೋ, ಇವತ್ತಿಗೂ ನಾಚಿಕೆಯಾಗುತ್ತದೆ.

ವಿಚಾರಣೆಯ ದಿನ ಮನಸ್ಸು ಗಟ್ಟಿ ಮಾಡಿಕೊಂಡೆ. ಎರಡನೇ ಮಹಡಿಯ ಕೋಣೆಯಲ್ಲಿ ಮೂವರು ಅಧಿಕಾರಿಗಳು ಕೂತಿದ್ದರು. ಹೊರಗಿನ ಓಣಿಯಲ್ಲಿ ಜನ. ನಮ್ಮ ಶಾಖೆಯವರು, ಆ ಸದಸ್ಯರ ಕಡೆಯವರು, ಎಲ್ಲರ ಕೈಯಲ್ಲೂ ಮೊಬೈಲು. ಉಸ್ತಾದ್ ಇಸ್ತ್ರಿಯ ಬಿಳಿ ಸಮವಸ್ತ್ರದಲ್ಲಿ ಬೆಂಚಿನ ತುದಿಗೆ ಕೂತು ತಮ್ಮ ಹೆಸರು ಕರೆಯುವುದನ್ನೇ ಕಾಯುತ್ತಿದ್ದರು. ನಾನು ನೋಟುಪುಸ್ತಕ ಹಿಡಿದುಕೊಂಡು ಸೀದಾ ಬಾಗಿಲಿಗೆ ಹೋದೆ. ಒಳಗೆ ಹೋಗಿ ಹೇಳಿಬಿಡುವುದು, ಆದದ್ದಾಗಲಿ ಎಂದು.

ಅವರು ಎದ್ದು ಬಂದರು. ನನ್ನ ಮುಖ ನೋಡಿದ ಕೂಡಲೇ ತಿಳಿದಿರಬೇಕು. ನನ್ನ ಮುಂದೆ ನಿಂತು, ಸದಸ್ಯರಿಗೆ ಬಾಗುವಷ್ಟೇ ಬಾಗಿದರು. ಕಿವಿಯ ಹತ್ತಿರ ಬಂದರು. ಅಷ್ಟು ದಿನ ನಾವೆಲ್ಲ ತಲೆ ಕೆಡಿಸಿಕೊಂಡಿದ್ದ ಆ ಮಾತನ್ನು ನಾನು ಕೇಳಿದ್ದು ಆಗ.

"ಎಲ್ಲರೂ ನೋಡ್ತಾ ಇದ್ದಾರೆ. ನೀವಾಗಿಯೇ ನಡೆದು ಹೋದ ಹಾಗೆ ಕಾಣಲಿ."

ಮೊಣಕೈ ಕೆಳಗೆ ಅಂಗೈ ಬಂತು. ಹಿಡಿತವಿಲ್ಲ, ಒತ್ತಡವಿಲ್ಲ, ಬೆಚ್ಚಗಿತ್ತು. ಮೆಟ್ಟಿಲ ತನಕ ನನ್ನನ್ನು ನಡೆಸಿಕೊಂಡು ಬಂದು, "ನಿನ್ನದು ಈಗ ಶುರು. ನನ್ನದು ಮುಗೀತಾ ಬಂತು. ಹೋಗು, ನಿನ್ನ ಸರದಿ ಇದೆ," ಎಂದು ಬಿಟ್ಟು ಹೋದರು.

ನಾನು ಕೈ ಕೊಡವಬಹುದಿತ್ತು. ಆ ದಪ್ಪನೆಯ ಸದಸ್ಯರು ಕೊಡವಿದರಲ್ಲ. ನಾನು ಮೆಟ್ಟಿಲಿಳಿದೆ. ಒಳಗೊಳಗೇ ಹಗುರವಾಯಿತು ಎನ್ನುವುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಆ ಹಗುರವೇ ಇಷ್ಟು ವರ್ಷ ನನ್ನನ್ನು ಕೂರಗೊಡದೆ ಓಡಾಡಿಸಿದ್ದು.

ಅವರ ಸೇವಾಪುಸ್ತಕದಲ್ಲಿ ಅಪ್ಪಣೆಯಿಲ್ಲದೆ ಬಲಪ್ರಯೋಗ ಎಂದು ಬರೆದು ಎಚ್ಚರಿಕೆ ಕೊಟ್ಟರು. ಮುಂದಿನ ವರ್ಷ ಅವರಿಗೆ ಬರಬೇಕಿದ್ದ ಮುಖ್ಯಸ್ಥನ ಜಾಗ ಇನ್ನೊಬ್ಬರಿಗೆ ಹೋಯಿತು. ಅವರನ್ನು ಸದನದಿಂದ ತೆಗೆದು ಹೊರಗಿನ ಗೇಟಿಗೆ ಹಾಕಿದರು, ಕಾರುಗಳ ಗಾಜಿಗೆ ಅಂಟಿಸಿದ ಪಾಸು ನೋಡುವ ಕೆಲಸ. ನಿವೃತ್ತಿಯ ತನಕ ನಾಲ್ಕು ವರ್ಷ ಬಿಸಿಲಲ್ಲಿ, ಹೊಗೆಮಂಜಲ್ಲಿ ಅಲ್ಲೇ ನಿಂತರು. ಸದನದೊಳಗೆ ಮತ್ತೆ ಕಾಲಿಡಲಿಲ್ಲ.

ಬೆಳಿಗ್ಗೆ ಆ ಗೇಟಿನಲ್ಲಿ ಹೋದರೆ ಅವರು ಮೊದಲಿನ ಹಾಗೆಯೇ ನನ್ನ ಕಾಲನ್ನು ನೋಡಿ ನಗುತ್ತಿದ್ದರು. ನಾನು ಒಂದು ತಿಂಗಳು ತಡೆದುಕೊಂಡೆ. ಆಮೇಲೆ ಸುತ್ತಿ ಬಳಸಿ ಇನ್ನೊಂದು ಗೇಟಿನಿಂದ ಹೋಗತೊಡಗಿದೆ. ಭಾನುವಾರದ ಊಟವೂ ನಿಂತಿತು. ಒಮ್ಮೆ ಮಾರುಕಟ್ಟೆಯಲ್ಲಿ ಮಗಳು ಸಿಕ್ಕಿದಳು. "ದೀದಿ, ಪಾಪಾ ಈಗ ಮನೆಗೆ ಬಂದರೆ ತಲೆ ಬಗ್ಗಿಸೋದಿಲ್ಲ. ಸೀದಾ ಬರ್ತಾರೆ. ಮಮ್ಮಿ ಒಬ್ಬಳೇ ಅಳ್ತಾಳೆ," ಎಂದಳು. ನಾನು ಟೊಮೆಟೊ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ. ಅವರ ಬೀಳ್ಕೊಡುಗೆಯ ದಿನ ಗೋಡೆ ಗಡಿಯಾರ ಕೊಟ್ಟರು, ಸಮೋಸ ಕೊಟ್ಟರು, ಒಂದು ಘಟನೆ ಬಿಟ್ಟರೆ ಕಳಂಕವಿಲ್ಲದ ಸೇವೆ ಎಂದು ಭಾಷಣ ಮಾಡಿದರು. ಆ ಮಾತು ಬಂದಾಗ, ಸರದಿ ಇದೆ ಎಂದು ಎದ್ದು ಹೊರಗೆ ಬಂದೆ. ಅಂದು ಸದನಕ್ಕೆ ರಜೆ. ಅದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗಂತೂ ಗೊತ್ತಿತ್ತು.

ವಾಟ್ಸಾಪಿನ ಆ ಸಾಲು ಓದಿದ ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ ಒಂದು ಅರ್ಜಿ ಬರೆದೆ. ಆ ದಿನದ ಆ ಸರದಿಯಲ್ಲಿ ಪೀಠದ ಮಾತೊಂದನ್ನು ನಾನು ಬಿಟ್ಟಿದ್ದೆ, ಬಿಟ್ಟದ್ದು ಇದು, ಕೇಳಿದಾಗ ಮುಚ್ಚಿಟ್ಟೆ, ಕಡತವನ್ನೂ ಅಂದಿನ ಮಾರ್ಷಲರ ಸೇವಾಪುಸ್ತಕವನ್ನೂ ತಿದ್ದಬೇಕು ಎಂದು. ಈಗಿನ ಅಧಿಕಾರಿ ಎರಡು ಸಲ ಓದಿದರು.

"ಈಗ್ಯಾಕೆ ಮೇಡಂ? ಅವರೇ ಇಲ್ಲ. ಮುಂದಿನ ತಿಂಗಳು ನಿಮ್ಮ ಪ್ರಮೋಷನ್ ಫೈಲು ಮೇಲೆ ಹೋಗ್ತಾ ಇದೆ. ಸುಮ್ಮನೆ ತಲೆ ಮೇಲೆ ಎಳಕೊಳ್ಳಬೇಡಿ."

"ಸೀಲು ಹಾಕಿಸಿಕೊಡಿ ಸರ್," ಎಂದೆ.

ಒಂದು ಪ್ರತಿಯ ಹಿಂಬದಿಯಲ್ಲಿ ಆ ಭಾಗವನ್ನು ಕನ್ನಡದಲ್ಲೂ ಬರೆದುಕೊಂಡು ಫರೀದಾಬಾದಿನ ಮೆಟ್ರೋ ಹತ್ತಿದೆ. ಡಬ್ಬಿ ಖಾಲಿ ಇತ್ತು, ಆದರೂ ಉದ್ದಕ್ಕೂ ನಿಂತೇ ಹೋದೆ. ಬಾಗಿಲು ತೆರೆದವಳು ಮಗಳು. ಈಗ ಅವಳೂ ಕೆಲಸಕ್ಕೆ ಹೋಗುತ್ತಾಳೆ. ಸಣ್ಣ ಹಾಲಿನಲ್ಲಿ ಅವರ ಫೋಟೋ, ಬಿಳಿ ಸಮವಸ್ತ್ರದ್ದು. ಅಡುಗೆಮನೆಯ ಪಕ್ಕ ಅದೇ ಬೆತ್ತದ ಕುರ್ಚಿ, ಆಂಟಿ. ತುಂಬ ಇಳಿದುಹೋಗಿದ್ದರು. ಕೂರು ಎನ್ನಲಿಲ್ಲ.

ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕಾಗದವನ್ನು ಮಗಳ ಕೈಗೆ ಕೊಟ್ಟೆ. ಅವಳು ಇಂಗ್ಲಿಷಿನ ಬದಿಯನ್ನು ಓದಿ, ಫೋಟೋ ನೋಡಿ, "ಮತ್ಲಬ್, ಪಾಪಾ ತಳ್ಳಲೇ ಇಲ್ಲ," ಎಂದಳು. "ನಾನು ಒಂದು ಸಲ ಅವರನ್ನ ಕೇಳಿದ್ದೆ ದೀದಿ, ಯಾಕೆ ತಳ್ಳಿದಿರಿ ಅಂತ. ಸುಮ್ಮನೆ ಇದ್ದುಬಿಟ್ಟರು. ನಾನು ನಂಬಿಬಿಟ್ಟೆ." ಕಾಗದ ತಿರುಗಿಸಿ ನನಗೆ ಚಾಚಿದಳು. "ಇದು ಕನ್ನಡ, ನನಗೆ ಓದಕ್ಕೆ ಬರಲ್ಲ. ಮಮ್ಮಿಗೆ ನೀವೇ ಓದಿ."

ನಾನು ಓದಿದೆ. "ಪೀಠದಿಂದ: ಮಾರ್ಷಲ್, ಸದಸ್ಯರನ್ನು ಹೊರಗೆ ಕರೆದುಕೊಂಡು ಹೋಗಿ. ಈ ಮಾತು ಮುಗಿದ ಮೇಲೆ ಮಾರ್ಷಲ್ ಪೀಠಕ್ಕೆ ವಂದಿಸಿ ಸದಸ್ಯರ ಬಳಿಗೆ ಹೋದರು."

"ಇನ್ನೊಂದು ಸಲ," ಎಂದರು ಆಂಟಿ. ಓದಿದೆ.

"ಆ ದಿನ ಬಾಗಿಲ ತನಕ ಹೋಗಿದ್ದೆ ಅಂದೆಯಲ್ಲ. ಅವರು ವಾಪಸು ಕರಕೊಂಡು ಬಂದರು. ಅದು ಅವರ ಬುದ್ಧಿ, ನನಗೆ ಗೊತ್ತು. ಆದರೆ ನೀನ್ಯಾಕೆ ಬಂದೆ?"

ಹೆದರಿದ್ದೆ ಎಂದೆ. ಅದು ಅವರಿಗೆ ಸಾಕಾಗಲಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. ಸಾಕಾಗಬಾರದು ಕೂಡ. ಅವರು ಕೈ ಚಾಚಿ ಕಾಗದ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಎರಡೂ ಬದಿ ನೋಡಿದರು.

"ಇಲ್ಲಿ ಅವರ ಹೆಸರೇ ಇಲ್ಲವಲ್ಲ."

"ಕಡತದಲ್ಲಿ ಹೆಸರು ಬರೆಯೋ ಹಾಗಿಲ್ಲ ಆಂಟಿ. ಮಾರ್ಷಲ್ ಅಂತ ಮಾತ್ರ. ನಿಯಮ ಹಾಗಿದೆ."

"ಬರಿ," ಎಂದರು.

ನಾನು ನೆಲದ ಮೇಲೆ ಕೂತು, ಟೀಪಾಯಿ ಎಳೆದುಕೊಂಡು ಬರೆದೆ. ಮೊದಲು ಮನೆಹೆಸರು, ಆಮೇಲೆ ಅವರದು. ಆಂಟಿ ಒಂದೊಂದೇ ಅಕ್ಷರ ಹೇಳಿದರು, ನನಗೆ ಬರೆಯಲು ಬರುವುದಿಲ್ಲವೇನೋ ಎಂಬಂತೆ. ಆಫೀಸಿನ ಪ್ರತಿಯಲ್ಲೂ ಹೆಸರು ಹಾಕಿಸು ಎಂದರು, ಹೂಂ ಎಂದೆ. ಬೇರೆಲ್ಲಾದರೂ ಅವರ ವಿಷಯ ಬರೆದರೆ ಮಾತ್ರ ಹೆಸರು ಹಾಕಬೇಡ, ಮೊದಲು ಆಫೀಸಿನವರು ಕಡತ ತಿದ್ದಲಿ ಎಂದರು. ಅದಕ್ಕೇ ಇಲ್ಲಿ ಹಾಕಿಲ್ಲ. ಬರೆದು ಮುಗಿಸುವ ತನಕ ನನ್ನ ಕಾಲು ಅಲ್ಲಾಡಲಿಲ್ಲ, ಅದು ನನಗೆ ಗೊತ್ತಾದದ್ದು ಏಳುವಾಗ.

ಮಗಳು ಆಂಟಿಗೆ ಏನೋ ಹೇಳತೊಡಗಿದ್ದಳು, ಅವರ ಭಾಷೆಯಲ್ಲಿ. ಬಾಗಿಲಿಗೆ ಹತ್ತಿರದ ದಾರಿ ಅವಳಿಗೂ ಆ ಬೆತ್ತದ ಕುರ್ಚಿಗೂ ನಡುವೆ ಇತ್ತು. ನಾನು ಸೋಫಾ ಸುತ್ತಿಕೊಂಡು ಹೋದೆ. ಬಾಗಿಲಲ್ಲಿ ತಿರುಗಿ ನಿಂತು ತಲೆ ಬಾಗಿಸಿದೆ. ಆಂಟಿ ನೋಡಲಿಲ್ಲ. ಅವರ ಬೆರಳು ಕಾಗದದ ಮೇಲೆ, ಹೆಸರಿನ ಮೇಲಿತ್ತು.